ಮೇವುನೆಲದ ಮಣ್ಣಿನಲ್ಲಿ ಇಂಗಾಲ ಕೂಡಿಡುವುದು: ಬೆಂಗಳೂರು ಉತ್ತರ

ಮೇಯಿಸುವ ಕ್ರಮ ಬದಲಿಸಿ ಮಣ್ಣಿನ ಸಾವಯವ ಇಂಗಾಲವನ್ನು ಹೆಚ್ಚಿಸುವ, ಇಲ್ಲವೇ ಇದ್ದಷ್ಟನ್ನು ಉಳಿಸಿಕೊಳ್ಳುವ ವಿಧಾನ. ಹುಲ್ಲುಗಾವಲಿನ ಇಂಗಾಲದ ಬಹುಪಾಲು ಇರುವುದು ನೆಲದಡಿಯಲ್ಲಿ. ಮಿತಿಮೀರಿ ಮೇಯಿಸಿದರೆ ಬೇರು ಸೊರಗುತ್ತದೆ. ನೆಲ ಉತ್ತರೆ ಕೂಡಿದ್ದ ಇಂಗಾಲ ಗಾಳಿಗೆ ಮರಳುತ್ತದೆ.

ಮೇಯಿಸುವುದಕ್ಕೆ ಕ್ರಮ ಕಟ್ಟುವುದು ಇಲ್ಲಿ ಹೊಸತಲ್ಲ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ದನಸಾಕಣೆಯ ಇಲಾಖೆ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಅದರ ಕಾವಲುಗಳು, ಎಂದರೆ ಮೀಸಲು ಹುಲ್ಲುಗಾವಲುಗಳು, ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆಬೇರೆ. ಇದನ್ನೇ ಇಂದಿನ ಸರದಿ ಮೇಯಿಸುವಿಕೆಯ ಮೂಲವೆಂದು ಬರೆಯುವವರಿದ್ದಾರೆ. ನೆಲಕ್ಕೆ ಬಿಡುವು ಸಿಗುತ್ತಿದ್ದುದು ನಿಜ, ಆದರೆ ಬೇಕಾಗಿದ್ದದ್ದು ದಂಡಿಗೆ ಎತ್ತು. ಹಳೆಯ ಮೈಸೂರಿನ ಕಾವಲುಗಳೆಲ್ಲ ಅಮೃತಮಹಲಿನವು ಎಂಬುದೂ ಸರಿಯಲ್ಲ.

1966ರ ಭೂಕಂದಾಯ ನಿಯಮಗಳು 100 ದನಗಳಿಗೆ 12 ಹೆಕ್ಟೇರ್ ಗೋಮಾಳ ಗೊತ್ತುಮಾಡಿದವು. ಬೆಂಗಳೂರು ಅದಕ್ಕೆ ಕಾಯಲಿಲ್ಲ. ಆರ್.ಟಿ. ನಗರದ ಪಕ್ಕದ ಕಾವಲ್ ಬೈರಸಂದ್ರ ಬಡಾವಣೆಯಾಯಿತು, ಯಲಹಂಕದ ಜಾರಕಬಂಡೆ ಕಾವಲಿನಲ್ಲಿ ನೀಲಗಿರಿ ಎದ್ದಿತು.

ಇಂಥ ನೆಲಗಳ ಬಳಕೆಯ ವಿವಾದ ಗಟ್ಟಿಯಾದದ್ದು ಹೆಸರಘಟ್ಟದಲ್ಲಿ. ಅಲ್ಲಿನ ಹುಲ್ಲುಗಾವಲು, 1890ರ ದಶಕದಲ್ಲಿ ನಗರಕ್ಕೆ ಕುಡಿಯುವ ನೀರು ಕೊಡತೊಡಗಿದ ಕೆರೆಯ ಆಸುಪಾಸಿನದು. ಸುಮಾರು 5,000 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ಯಲಹಂಕ ಶಾಸಕ ಎಸ್.ಆರ್. ವಿಶ್ವನಾಥ್ ವಿರೋಧಿಸಿದರು; 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದನ್ನು ತಳ್ಳಿಹಾಕಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ವಾದವೆಲ್ಲ ಹಕ್ಕಿ, ನೀರು, ಊರವರ ಹಕ್ಕುಗಳ ಸುತ್ತಲೇ ನಡೆಯಿತು, ಇಂಗಾಲದ ಮಾತು ಹಿಂದೆ ಬಿತ್ತು. ಹುಲ್ಲುನೆಲವನ್ನು ‘ಪಾಳು’ ಎಂದು ಲೆಕ್ಕಕ್ಕೆ ಹಿಡಿದು ಮರ ನೆಡುವ ಸರ್ಕಾರಿ ರೂಢಿಗೆ ಇದರಿಂದ ಅನುಕೂಲವೇ ಆಯಿತೆನ್ನಬೇಕು.

ಇಂಗಾಲ ಉಳಿಯಲು ಬೇಲಿ ಹಾಕಿ ದನಕರು ತಡೆದರೆ ಸಾಕೇ? ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಂತ ಬಾಗ್ಚಿ ಮತ್ತು ಸಂಗಡಿಗರು ಹಿಮಾಲಯದ ಸ್ಪಿತಿಯಲ್ಲಿ 16 ವರ್ಷ ಮಣ್ಣು ಅಳೆದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೇಯುವ ಪ್ರಾಣಿಗಳನ್ನು ಹೊರಗಿಟ್ಟ ತುಂಡುಗಳಲ್ಲಿ ಇಂಗಾಲದ ಏರಿಳಿತ ಶೇ 30ರಿಂದ 40ರಷ್ಟು ಹೆಚ್ಚು. ಅದೇ ತಂಡದ ಮುಂದಿನ ಅಧ್ಯಯನ, ಕಾಡುಪ್ರಾಣಿ ಮೇದ ನೆಲಕ್ಕಿಂತ ಸಾಕುಪ್ರಾಣಿ ಮೇದಲ್ಲಿ ಇಂಗಾಲ ಕಡಿಮೆಯೆಂದು ಕಂಡು, ಪಶುಗಳಿಗೆ ಕೊಡುವ ಆ್ಯಂಟಿಬಯಾಟಿಕ್‌ಗಳು ಮಣ್ಣಿನ ಸೂಕ್ಷ್ಮಜೀವಿಗಳನ್ನು ಕೆಡಿಸುವುದರತ್ತ ಬೊಟ್ಟುಮಾಡಿತು. ಸ್ಪಿತಿಯ ಶೀತ ಮರುಭೂಮಿಯ ಅಂಕಿಗಳನ್ನು ಹೆಸರಘಟ್ಟದ ಕೆಂಪುಮಣ್ಣಿಗೆ ನೇರವಾಗಿ ಅಂಟಿಸಲಾಗದು. ಆದರೂ ‘ಮೇಯಿಸುವುದನ್ನು ನಿಲ್ಲಿಸಿದರೆ ಇಂಗಾಲ ಹೆಚ್ಚುತ್ತದೆ’ ಎಂಬ ಸಲೀಸು ಸೂತ್ರ ಇನ್ನು ನಿಲ್ಲದು.

ಕೊನೆಗೆ 2024ರ ಅಕ್ಟೋಬರಿನಲ್ಲಿ ವನ್ಯಜೀವಿ ಮಂಡಳಿ ಹೆಸರಘಟ್ಟದ 5,678 ಎಕರೆಗೆ ಸಂರಕ್ಷಣಾ ಮೀಸಲಿನ ಸ್ಥಾನ ಒಪ್ಪಿತು. ವನ್ಯಜೀವಿ ಕಾಯ್ದೆಯಂತೆ ಇಂಥ ಮೀಸಲಿನ ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿ, ಸ್ವಯಂಸೇವಾ ಸಂಸ್ಥೆಗಳ ಜೊತೆಗೆ ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಗೂ ಒಂದೊಂದು ಸ್ಥಾನವಿದೆ.