ಒಂದೇ ಪಯಣ, ಎರಡು ಸೂರ್ಯೋದಯ

ಆಸ್ಟ್ರೇಲಿಯದ ಪರ್ತ್ ನಗರದಿಂದ ಶ್ರೀಲಂಕಾದ ದಕ್ಷಿಣ ತೀರಕ್ಕೆ ನೇರ ದೂರ ಸುಮಾರು 5,650 ಕಿ.ಮೀ. ಇಂದಿನ ಜೆಟ್ ವಿಮಾನಕ್ಕೆ ಇದು ಹೆಚ್ಚೆಂದರೆ ಏಳು ಗಂಟೆಯ ದಾರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ದಾರಿಗೆ ಸರಾಸರಿ 28 ಗಂಟೆ ಬೇಕಾಗುತ್ತಿತ್ತು. ಒಮ್ಮೆ 32 ಗಂಟೆ 9 ನಿಮಿಷ ಹಿಡಿದದ್ದೂ ಉಂಟು. ಅಷ್ಟು ಹೊತ್ತೂ ವಿಮಾನ ಎಲ್ಲಿಯೂ ಇಳಿಯುತ್ತಿರಲಿಲ್ಲ. ಒಳಗೆ ಕುಳಿತವರು ಒಂದೇ ಪಯಣದಲ್ಲಿ ಎರಡು ಬಾರಿ ಸೂರ್ಯ ಹುಟ್ಟುವುದನ್ನು ಕಾಣುತ್ತಿದ್ದರು.

ಇಂಥ ಸಾಹಸ ಬೇಕಾಗಿದ್ದೇಕೆ? ಯುದ್ಧಕ್ಕೆ ಮುನ್ನ ಆಸ್ಟ್ರೇಲಿಯ ಮತ್ತು ಇಂಗ್ಲೆಂಡ್ ನಡುವಿನ ವಿಮಾನಗಳು ಸಿಂಗಪುರದ ಮೂಲಕ, ಅಲ್ಲಲ್ಲಿ ತಂಗುತ್ತಾ ಸಾಗುತ್ತಿದ್ದವು. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಜಾವಾ, ಸುಮಾತ್ರಗಳೂ ಅವರ ಕೈಸೇರಿದವು. ಆ ಮಾರ್ಗ ತುಂಡಾಯಿತು. ಉಳಿದದ್ದು ಹಿಂದೂ ಮಹಾಸಾಗರವನ್ನು ಒಂದೇ ಉಸಿರಿಗೆ ದಾಟುವ ದಾರಿ.

ಈ ಹೊಣೆ ಹೊತ್ತದ್ದು ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆ. 1943ರ ಜೂನ್ ಕೊನೆಯಲ್ಲಿ ಹಾರಾಟ ಆರಂಭವಾಯಿತು. ಪರ್ತ್‌ನ ಸ್ವಾನ್ ನದಿಯಿಂದ ಮೇಲೇರಿ, ಗಾಲೆ ಬಳಿಯ ಕೊಗ್ಗಲ ಸರೋವರದಲ್ಲಿ ಇಳಿಯುವ ಎರಡು ಎಂಜಿನ್‌ಗಳ ಕ್ಯಾಟಲಿನಾ ವಿಮಾನಗಳವು. ವೇಗ ಗಂಟೆಗೆ ಸುಮಾರು 200 ಕಿ.ಮೀ. ಮಾತ್ರ. ಇಡೀ ದೂರಕ್ಕೆ ಸಾಲುವಷ್ಟು ಇಂಧನ ತುಂಬಿದ ಮೇಲೆ ಮೂವರು ಪ್ರಯಾಣಿಕರು ಹಾಗೂ 69 ಕಿಲೋ ಅಂಚೆಗಷ್ಟೇ ಜಾಗ. ಭಾರ ಎಷ್ಟಿತ್ತೆಂದರೆ, ಹೊರಟ ಮೊದಲ ಕೆಲವು ಗಂಟೆಗಳಲ್ಲಿ ಒಂದು ಎಂಜಿನ್ ಕೆಟ್ಟರೂ ಉಳಿದೊಂದರ ಬಲದಿಂದ ವಿಮಾನ ಗಾಳಿಯಲ್ಲಿ ನಿಲ್ಲುವಂತಿರಲಿಲ್ಲ. ಕೆಳಗೆ ಬರೀ ಸಮುದ್ರ.

ವಿಮಾನದಲ್ಲಿ ರೇಡಿಯೋ ಇತ್ತು, ಆದರೆ ಅದರಲ್ಲಿ ಮಾತನಾಡುವಂತಿರಲಿಲ್ಲ. ಸದ್ದು ಹೊರಟರೆ ಶತ್ರುವಿಗೆ ಸುಳಿವು ಸಿಗುತ್ತಿತ್ತು. ಜಪಾನೀ ವಿಮಾನಗಳ ಕಣ್ಣಿಗೆ ಬೀಳಬಹುದಾದ ಭಾಗವನ್ನು ಕತ್ತಲಲ್ಲೇ ದಾಟಬೇಕಿತ್ತು. ದಿಕ್ಕು ತಿಳಿಯಲು ನಕ್ಷತ್ರಗಳೇ ಗತಿ. ವಿಮಾನಗಳಿಗೂ ಅವುಗಳ ಹೆಸರನ್ನೇ ಇಡಲಾಗಿತ್ತು: ಆಲ್ಟೇರ್, ವೇಗಾ, ಅಂಟಾರೆಸ್, ಸ್ಪೈಕಾ, ರೈಜೆಲ್. ಮೊದಲ ನಾಲ್ಕು ನಮ್ಮ ಪಂಚಾಂಗಕ್ಕೂ ಪರಿಚಿತ. ಅವೇ ಶ್ರವಣ, ಅಭಿಜಿತ್, ಜ್ಯೇಷ್ಠಾ ಮತ್ತು ಚಿತ್ತಾ.

ಹಾರಾಟ ಮುಂದೆ ಆಗಿನ ಅವಿಭಜಿತ ಭಾರತದ ಕರಾಚಿಯವರೆಗೂ ವಿಸ್ತರಿಸಿತು. ಅಲ್ಲಿಂದ ಅಂಚೆ ಬೇರೆ ವಿಮಾನದಲ್ಲಿ ಲಂಡನ್ನಿಗೆ ಹೋಗುತ್ತಿತ್ತು. ಸಾಗರ ದಾಟಿದ ಪ್ರತಿಯೊಬ್ಬ ಪ್ರಯಾಣಿಕನಿಗೂ 'ಎರಡು ಸೂರ್ಯೋದಯಗಳ ರಹಸ್ಯ ಬಳಗ'ದ ಸದಸ್ಯನೆಂಬ ಪ್ರಮಾಣಪತ್ರ ಸಿಗುತ್ತಿತ್ತು.

1945ರ ಜುಲೈ 18ರ ಹಾರಾಟವೇ ಕೊನೆಯದು. ಅಷ್ಟರಲ್ಲಿ ಈ ವಿಮಾನಗಳು 271 ಬಾರಿ ಸಾಗರ ದಾಟಿದ್ದವು. ಒಂದೂ ನಾಶವಾಗಿರಲಿಲ್ಲ. ಆದರೆ ಅವು ಅಮೆರಿಕ ಯುದ್ಧದ ಸಲುವಾಗಿ ಎರವಲು ಕೊಟ್ಟವು. ಯುದ್ಧ ಮುಗಿದ ಮೇಲೆ ಬಳಸುವಂತಿರಲಿಲ್ಲ. ಶತ್ರುವಿನ ಕೈಗೆ ಸಿಗದ ಆ ವಿಮಾನಗಳನ್ನು ಒಪ್ಪಂದದಂತೆ ಸಮುದ್ರದಲ್ಲಿ ಮುಳುಗಿಸಲಾಯಿತು.

2018ರ ಮಾರ್ಚ್‌ನಲ್ಲಿ ಇದೇ ಸಂಸ್ಥೆ ಪರ್ತ್‌ನಿಂದ ಲಂಡನ್ನಿಗೆ ನೇರ ವಿಮಾನ ಆರಂಭಿಸಿತು. 14,498 ಕಿ.ಮೀ. ದೂರಕ್ಕೆ ಸುಮಾರು 17 ಗಂಟೆ. ಒಂದು ಕಾಲಕ್ಕೆ ಇಷ್ಟು ಹೊತ್ತಿನಲ್ಲಿ ಪರ್ತ್ ಬಿಟ್ಟ ಕ್ಯಾಟಲಿನಾ ಇನ್ನೂ ಹಿಂದೂ ಮಹಾಸಾಗರದ ಮೇಲೆ, ಕತ್ತಲಲ್ಲಿ, ನಕ್ಷತ್ರ ಹುಡುಕುತ್ತಾ ಸಾಗುತ್ತಿರುತ್ತಿತ್ತು.