ದಸ್ತಗಿರಿ

ಅಪರಾಧದ ಆರೋಪ ಅಥವಾ ಸಕಾರಣ ಶಂಕೆಯ ಮೇಲೆ ವ್ಯಕ್ತಿಯನ್ನು ಕಾನೂನಿನ ಅಧಿಕಾರದಿಂದ ವಶಕ್ಕೆ ತೆಗೆದುಕೊಳ್ಳುವ ಕ್ರಮ. ಬಂಧನ ಎಂದೂ ಹೇಳುತ್ತಾರೆ. ಜನ ಏನೇ ಭಾವಿಸಲಿ, ಇದು ಶಿಕ್ಷೆಯಲ್ಲ. ಭಾರತದಲ್ಲಿ ಇದಕ್ಕೆ ಆಧಾರ ಸಂವಿಧಾನದ 21 ಮತ್ತು 22ನೆಯ ವಿಧಿಗಳು ಹಾಗೂ 1973ರ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ.

ಕೊಲೆ, ದರೋಡೆಯಂಥ ಸಂಜ್ಞೇಯ ಅಪರಾಧಗಳಲ್ಲಿ ಪೊಲೀಸರು ವಾರಂಟ್ ಇಲ್ಲದೆಯೇ ದಸ್ತಗಿರಿ ಮಾಡಬಹುದು (ಸುರಕ್ಷಾ ಸಂಹಿತೆಯ 35ನೆಯ ಕಲಂ). ಆದರೆ ಅಧಿಕಾರವಿದೆ ಎಂದ ಮಾತ್ರಕ್ಕೆ ಹಿಡಿಯಲೇಬೇಕೆಂದಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಅಗತ್ಯದ ಕಾರಣವನ್ನು ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ಹಾಜರಾಗಲು ನೋಟಿಸ್ ಕೊಡಬೇಕು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು.

ಮಾತಿನಿಂದಲೋ ನಡೆಯಿಂದಲೋ ಶರಣಾದವನ ಮೈಮುಟ್ಟಬೇಕಾಗಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯರ ದಸ್ತಗಿರಿ ಸಲ್ಲದು. ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದು ಬಂಧಿಸಬಹುದು. ಕಾರಣ ತಿಳಿಸುವುದು, ವಕೀಲರ ಭೇಟಿಗೆ ಅವಕಾಶ, ಮನೆಯವರಿಗೆ ಸುದ್ದಿ ಕಡ್ಡಾಯ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಾಕ್ಷಿಯ ಸಹಿಯುಳ್ಳ ದಸ್ತಗಿರಿ ಮೆಮೊ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನ ಕೊಡುಗೆ; ಠಾಣೆಯ ಕಸ್ಟಡಿ ಸಾವುಗಳೇ ಆ ಮೊಕದ್ದಮೆಯ ಮೂಲ.

ಅಪರಾಧ ನಡೆಯದಂತೆ ಮೊದಲೇ ತಡೆಯಲು ಮಾಡುವ ಮುನ್ನೆಚ್ಚರಿಕೆ ಬಂಧನದ ದಾರಿಯೇ ಬೇರೆ. ಕರ್ನಾಟಕದಲ್ಲಿ ‘ಗೂಂಡಾ ಕಾಯ್ದೆ’ ಎಂದು ಹೆಸರಾದ 1985ರ ಕಾನೂನು ಈ ಬಗೆಯದು. ಇಂಥ ಬಂಧನಕ್ಕೆ 24 ಗಂಟೆಯ ನಿಯಮ ಅನ್ವಯಿಸದು. ಬಂಧನ ಮೂರು ತಿಂಗಳು ಮೀರಬೇಕಾದರೆ ಸಲಹಾ ಮಂಡಳಿಯ ಒಪ್ಪಿಗೆ ಬೇಕು.