ವೈ-ಫೈ ಬೀಗಗಳೂ ಹಳೆಯ ಲ್ಯಾಪ್‌ಟಾಪ್‌ಗಳೂ

ಮನೆಯ ರೂಟರ್ ಸೆಕೆಂಡಿಗೆ ಸುಮಾರು ಹತ್ತು ಬಾರಿ ತನ್ನ ಹೆಸರನ್ನು ಗಾಳಿಯಲ್ಲಿ ಸಾರುತ್ತಿರುತ್ತದೆ. ಆ ಪುಟ್ಟ ಸಂದೇಶದಲ್ಲಿ ಹೆಸರಿನ ಜೊತೆಗೆ ಅದು ಯಾವ ಬಗೆಯ ಬೀಗ ಹಾಕಿಕೊಂಡಿದೆ ಎಂಬ ವಿವರವೂ ಇರುತ್ತದೆ. ಲ್ಯಾಪ್‌ಟಾಪ್ ಅದನ್ನು ಓದಿ, ತನಗೂ ತಿಳಿದಿರುವ ಬೀಗವೊಂದನ್ನು ಆರಿಸಿಕೊಂಡು ಮಾತು ಮುಂದುವರಿಸುತ್ತದೆ. ಎರಡಕ್ಕೂ ತಿಳಿದ ಬೀಗ ಒಂದೂ ಇಲ್ಲವಾದರೆ ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಸಂಪರ್ಕ ಕೂಡಿಬರುವುದಿಲ್ಲ. ಆದರೆ ಪರದೆಯ ಮೇಲೆ ಕಾಣುವುದು ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬಷ್ಟೇ ಸೂಚನೆ. ಕಾರಣ ತಿಳಿಯದ ಮನೆಯವರು ಅದೇ ಪಾಸ್‌ವರ್ಡನ್ನು ಮತ್ತೆ ಮತ್ತೆ ಒತ್ತುತ್ತಾರೆ. ಈ ಬೀಗಗಳು ಈವರೆಗೆ ನಾಲ್ಕು ತಲೆಮಾರು ಕಂಡಿವೆ. ಪ್ರತಿ ತಲೆಮಾರಿನಲ್ಲೂ ಕೆಲಸ ಚಿಪ್ಪಿನ ಪಾಲಿಗೆ ಎಷ್ಟು, ತಂತ್ರಾಂಶದ ಪಾಲಿಗೆ ಎಷ್ಟು ಎಂಬುದು ಬೇರೆಬೇರೆ. ತಂತ್ರಾಂಶದ ಪಾಲಿನ ಕೊರತೆಯನ್ನು ತುಂಬಬಹುದು, ಚಿಪ್ಪಿನದನ್ನು ತುಂಬಲಾಗದು. ಹಳೆಯ ಲ್ಯಾಪ್‌ಟಾಪಿನ ತೊಡಕನ್ನು ಬಿಡಿಸುವುದೆಂದರೆ ಬಹುಮಟ್ಟಿಗೆ ಈ ಗೆರೆ ಎಲ್ಲಿದೆ ಎಂದು ಕಂಡುಕೊಳ್ಳುವುದೇ.

ಮೊದಲ ಬೀಗ ವೆಪ್. 1997ರಲ್ಲಿ ಐಇಇಇ ಸಂಸ್ಥೆ ನಿಸ್ತಂತು ಜಾಲದ 802.11 ಮಾನದಂಡವನ್ನು ಪ್ರಕಟಿಸಿದಾಗ ಅದರ ಜೊತೆಯಲ್ಲೇ ಬಂದದ್ದು. ಪ್ರಬಲ ಗೂಢಲಿಪಿಯ ರಫ್ತಿಗೆ ಅಮೆರಿಕ ನಿರ್ಬಂಧ ಹೇರಿದ್ದ ಕಾಲವಾದ್ದರಿಂದ ಕೀಲಿಯ ಉದ್ದ 40 ಬಿಟ್‌ಗೆ ನಿಂತಿತು. ಮುಂದೆ 104 ಬಿಟ್‌ನ ರೂಪವೂ ಬಂತು. ಪ್ರತಿ ಪ್ಯಾಕೆಟ್ಟಿಗೂ ಬದಲಾಗುವ 24 ಬಿಟ್‌ಗಳ ಸಂಖ್ಯೆಯೊಂದನ್ನು ಕೀಲಿಗೆ ಸೇರಿಸಿ, ಕಂಪನಿಗಳು ಇವನ್ನು 64 ಮತ್ತು 128 ಬಿಟ್ ಎಂದು ಕರೆದವು. ದೌರ್ಬಲ್ಯವಿದ್ದದ್ದು ಆ 24 ಬಿಟ್‌ಗಳಲ್ಲೇ. ಅವುಗಳಿಂದ ಸಿಗುವುದು ಸುಮಾರು 1.67 ಕೋಟಿ ಸಂಖ್ಯೆಗಳು ಮಾತ್ರ. ದಟ್ಟಣೆಯ ಜಾಲದಲ್ಲಿ ಅವು ಕೆಲವೇ ಗಂಟೆಗಳಲ್ಲಿ ಮುಗಿದು ಮರುಬಳಕೆಯಾಗುತ್ತಿದ್ದವು. 2001ರಲ್ಲಿ ಸ್ಕಾಟ್ ಫ್ಲೂರರ್, ಇಟ್ಸಿಕ್ ಮ್ಯಾಂಟಿನ್ ಮತ್ತು ಆದಿ ಶಮೀರ್ ಅವರು ವೆಪ್ ಬಳಸುತ್ತಿದ್ದ ಆರ್‌ಸಿ4 ಗೂಢಲಿಪಿಯ ಕೀಲಿ ಸಿದ್ಧತೆಯಲ್ಲೇ ದೋಷ ತೋರಿಸಿದರು. 2007ರ ಹೊತ್ತಿಗೆ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು 104 ಬಿಟ್ ಕೀಲಿಯನ್ನೂ ಒಂದು ನಿಮಿಷದೊಳಗೆ ಬಿಡಿಸಬಲ್ಲವರಾಗಿದ್ದರು.

ವೆಪ್ ಮುರಿದಾಗ ಲಕ್ಷಾಂತರ ವೈ-ಫೈ ಕಾರ್ಡುಗಳು ಆಗಲೇ ಜನರ ಕೈಯಲ್ಲಿದ್ದವು. ಅವನ್ನೆಲ್ಲ ಎಸೆಯಿರಿ ಎಂದು ಹೇಳುವಂತಿರಲಿಲ್ಲ. ಅದೇ ಆರ್‌ಸಿ4 ಯಂತ್ರಾಂಶದ ಮೇಲೆ, ಫರ್ಮ್‌ವೇರ್ ಬದಲಿಸಿದರೆ ಸಾಕೆನ್ನುವಂಥ ಬೀಗ ಬೇಕಾಗಿತ್ತು. ವೈ-ಫೈ ಅಲಯನ್ಸ್ 2003ರಲ್ಲಿ ಜಾರಿಗೆ ತಂದ ಡಬ್ಲ್ಯುಪಿಎ, ಅದರೊಳಗಿನ ಟಿಕೆಐಪಿ ವಿಧಾನ, ಹೀಗೆ ಹುಟ್ಟಿದವು. ಪ್ಯಾಕೆಟ್ ತಿದ್ದುಪಡಿಯಾಗಿದೆಯೇ ಎಂದು ಪರೀಕ್ಷಿಸಲು ನೀಲ್ಸ್ ಫರ್ಗುಸನ್ ರೂಪಿಸಿದ ‘ಮೈಕೆಲ್’ ಎಂಬ ಲೆಕ್ಕ ಬೇಕೆಂದೇ ಹಗುರವಾಗಿತ್ತು; ಹಳೆಯ ಕಾರ್ಡಿನ ಪುಟ್ಟ ಪ್ರೊಸೆಸರ್‌ಗೆ ಅದಕ್ಕಿಂತ ಹೆಚ್ಚಿನದನ್ನು ಹೊರುವ ಶಕ್ತಿ ಇರಲಿಲ್ಲ. ಆ ದೌರ್ಬಲ್ಯವನ್ನು ಸರಿದೂಗಿಸಲು ಒಂದು ನಿಯಮ ಸೇರಿತು: 60 ಸೆಕೆಂಡಿನೊಳಗೆ ಎರಡು ತಪ್ಪು ಪ್ಯಾಕೆಟ್ ಬಂದರೆ ಟಿಕೆಐಪಿ ಸಂಪರ್ಕಗಳೆಲ್ಲ ಒಂದು ನಿಮಿಷ ಸ್ಥಗಿತವಾಗಬೇಕು. ದೋಷವಿರುವ ಡ್ರೈವರಿನ ಒಂದೇ ಲ್ಯಾಪ್‌ಟಾಪ್ ಇಡೀ ಮನೆಯ ಜಾಲವನ್ನು ಆಗಾಗ ಒಂದೊಂದು ನಿಮಿಷ ಬೀಳಿಸಲು ಈ ನಿಯಮವೇ ದಾರಿಮಾಡಿತು. ಆದರೂ ಟಿಕೆಐಪಿಯನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಕೈಯಲ್ಲಿದ್ದ ಯಂತ್ರಗಳನ್ನು ಬಿಟ್ಟುಕೊಡದೆ ಕೆಲವು ವರ್ಷಗಳ ರಕ್ಷಣೆಯನ್ನು ಅದು ಗಳಿಸಿಕೊಟ್ಟಿತು.

ನಿಜವಾದ ತಿರುವು 2004ರದ್ದು. ಜೂನ್‌ನಲ್ಲಿ 802.11ಐ ಮಾನದಂಡ ಅಂಗೀಕಾರವಾಯಿತು, ಸೆಪ್ಟೆಂಬರ್‌ನಲ್ಲಿ ಡಬ್ಲ್ಯುಪಿಎ2 ಪ್ರಮಾಣೀಕರಣ ಆರಂಭವಾಯಿತು. ಆರ್‌ಸಿ4 ಹೋಗಿ ಎಇಎಸ್ ಬಂತು. ಎಇಎಸ್ ಲೆಕ್ಕಕ್ಕೆ ಚಿಪ್ಪಿನಲ್ಲೇ ಪ್ರತ್ಯೇಕ ಮಂಡಲ ಇರಬೇಕಾಗಿದ್ದರಿಂದ ಹಳೆಯ ಕಾರ್ಡುಗಳಲ್ಲಿ ಅನೇಕವು ಇಲ್ಲಿಗೇ ನಿಂತುಹೋದವು. 2006ರ ಮಾರ್ಚ್‌ನಿಂದ ವೈ-ಫೈ ಪ್ರಮಾಣಪತ್ರ ಬೇಕೆನ್ನುವ ಪ್ರತಿ ಹೊಸ ಉಪಕರಣಕ್ಕೂ ಡಬ್ಲ್ಯುಪಿಎ2 ಕಡ್ಡಾಯವಾಯಿತು. ಹಳೆಯ ಲ್ಯಾಪ್‌ಟಾಪ್ ರಿಪೇರಿಗೆ ಕೂರುವವರು ನೆನಪಿನಲ್ಲಿಡಬೇಕಾದ ದಿನಾಂಕ ಇದು. ಅದರ ನಂತರ ಪ್ರಮಾಣಪತ್ರ ಪಡೆದ ಕಾರ್ಡಿಗೆ ಎಇಎಸ್ ಬರುತ್ತದೆ. ಆದರೂ ಸಂಪರ್ಕ ಸಿಗದಿದ್ದರೆ ಮೊದಲು ಸಂಶಯಪಡಬೇಕಾದದ್ದು ತಂತ್ರಾಂಶವನ್ನು. ವಿಂಡೋಸ್ ಎಕ್ಸ್‌ಪಿ ಇದಕ್ಕೆ ಒಳ್ಳೆಯ ನಿದರ್ಶನ. 2004ರ ಸರ್ವಿಸ್ ಪ್ಯಾಕ್ 2ಕ್ಕೆ ಡಬ್ಲ್ಯುಪಿಎ2 ತಿಳಿದಿರಲಿಲ್ಲ. 2005ರಲ್ಲಿ ಅದಕ್ಕಾಗಿ ಪ್ರತ್ಯೇಕ ಅಪ್‌ಡೇಟ್ ಬಂತು. 2008ರ ಸರ್ವಿಸ್ ಪ್ಯಾಕ್ 3ರಲ್ಲಿ ಅದು ಒಳಗೇ ಸೇರಿತು. ಸಮರ್ಥವಾದ ಕಾರ್ಡಿದ್ದೂ ಆ ಅಪ್‌ಡೇಟ್ ಇಲ್ಲದ ಕಾರಣಕ್ಕೆ ಯಂತ್ರ ಹೊಸ ರೂಟರಿನೆದುರು ಸುಮ್ಮನೆ ಕೂತಿರಬಹುದಿತ್ತು.

ಭಾರತದಲ್ಲಿ ಬೀಗವೇ ಇಲ್ಲದ ಜಾಲಗಳ ಅಪಾಯ ಮುನ್ನೆಲೆಗೆ ಬಂದದ್ದು 2008ರಲ್ಲಿ. ಅಹಮದಾಬಾದಿನ ಸರಣಿ ಸ್ಫೋಟದ ವೇಳೆ ಮಾಧ್ಯಮಗಳಿಗೆ ಹೋದ ಇಮೇಲ್ ನವಿ ಮುಂಬಯಿಯ ಮನೆಯೊಂದರ ವೈ-ಫೈ ಮೂಲಕ ಕಳುಹಿಸಿದ್ದೆಂದು ತನಿಖೆಯಲ್ಲಿ ತಿಳಿಯಿತು. ಮರುವರ್ಷ ದೂರಸಂಪರ್ಕ ಇಲಾಖೆಯು ವೈ-ಫೈ ಸಂಪರ್ಕಗಳನ್ನು ಭದ್ರಪಡಿಸುವಂತೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚಿಸಿತು.

2009ರಲ್ಲಿ ಬಂದ 802.11ಎನ್ ಮತ್ತೊಂದು ಗೊಂದಲಕ್ಕೆ ಕಾರಣವಾಯಿತು. ವೆಪ್ ಅಥವಾ ಟಿಕೆಐಪಿ ಬಳಸುವ ಸಂಪರ್ಕಕ್ಕೆ ‘ಎನ್’ನ ವೇಗ ಸಿಗಬಾರದು ಎಂದು ಆ ಮಾನದಂಡವೇ ವಿಧಿಸುತ್ತದೆ. ಹಳೆಯ ಯಂತ್ರಕ್ಕೆ ಅನುಕೂಲವಾಗಲೆಂದು ರೂಟರನ್ನು ಟಿಕೆಐಪಿಗೆ ಇಳಿಸಿದರೆ ಹೊಸ ಲ್ಯಾಪ್‌ಟಾಪ್ ಕೂಡ 54 ಎಂಬಿಪಿಎಸ್‌ನಲ್ಲಿ ನಿಲ್ಲುತ್ತದೆ. ವೇಗ ಸರಿಯಾಗಿ 54ಕ್ಕೆ ನಿಂತಿದ್ದರೆ ಕೇಬಲ್ಲನ್ನೋ ಇಂಟರ್‌ನೆಟ್ ಕಂಪನಿಯನ್ನೋ ದೂರುವ ಮೊದಲು ಬೀಗದ ಸೆಟ್ಟಿಂಗ್ ನೋಡಬೇಕು.

2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮಾತಿ ವ್ಯಾನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ ಅವರು ಡಬ್ಲ್ಯುಪಿಎ2ರ ಕೀಲಿ ವಿನಿಮಯದಲ್ಲಿ ‘ಕ್ರ್ಯಾಕ್’ ದೋಷವನ್ನು ಬಯಲಿಗೆಳೆದರು. ಪುಣ್ಯಕ್ಕೆ ಅದನ್ನು ತಂತ್ರಾಂಶದಲ್ಲೇ ಸರಿಪಡಿಸಬಹುದಾಗಿತ್ತು; ಆದರೆ ಪ್ಯಾಚ್ ಮುಖ್ಯವಾಗಿ ಸೇರಬೇಕಾದದ್ದು ರೂಟರಿಗಲ್ಲ, ಲ್ಯಾಪ್‌ಟಾಪಿಗೆ. ವಿಂಡೋಸ್ 7ಕ್ಕೆ ಅದು ಸಿಕ್ಕಿತು. ಎಕ್ಸ್‌ಪಿಯ ಬೆಂಬಲ ಮಾತ್ರ 2014ರಲ್ಲೇ ಮುಗಿದಿತ್ತು.

ನಾಲ್ಕನೆಯ ತಲೆಮಾರು, ಡಬ್ಲ್ಯುಪಿಎ3, 2018ರ ಜೂನ್‌ನಲ್ಲಿ ಪ್ರಮಾಣೀಕರಣಕ್ಕೆ ಬಂತು. ಡಬ್ಲ್ಯುಪಿಎ2ರಲ್ಲಿ ಲ್ಯಾಪ್‌ಟಾಪ್ ಮತ್ತು ರೂಟರಿನ ಮೊದಲ ನಾಲ್ಕು ಮಾತುಗಳನ್ನು ಕದ್ದು ಕೇಳಿದವನು ಮನೆಗೆ ಹೋಗಿ ಬಿಡುವಾಗಿ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದಿತ್ತು. ಡಬ್ಲ್ಯುಪಿಎ3ರ ಎಸ್‌ಎಇ ವಿಧಾನದಲ್ಲಿ ಪ್ರತಿ ಊಹೆಗೂ ರೂಟರನ್ನೇ ಹೊಸದಾಗಿ ಕೇಳಬೇಕು. ಇದರ ಜೊತೆಗೆ ಪಿಎಂಎಫ್, ಅಂದರೆ ‘ಸಂಪರ್ಕ ಕಡಿದುಕೋ’ ಎಂಬಂಥ ನಿರ್ವಹಣಾ ಸಂದೇಶಗಳನ್ನು ನಕಲಿಯಿಂದ ಕಾಪಾಡುವ ವ್ಯವಸ್ಥೆ, ಕಡ್ಡಾಯವಾಯಿತು. ಇದು 2009ರಿಂದಲೇ ಮಾನದಂಡದಲ್ಲಿದ್ದರೂ ಅನೇಕ ಹಳೆಯ ಡ್ರೈವರುಗಳು ಅದನ್ನು ಕಲಿತಿರಲಿಲ್ಲ. ವಿಂಡೋಸ್‌ನಲ್ಲಿ ಡಬ್ಲ್ಯುಪಿಎ3 ಬಂದದ್ದು 2019ರ ವಿಂಡೋಸ್ 10, 1903ನೇ ಆವೃತ್ತಿಯಿಂದ; ವಿಂಡೋಸ್ 7ಕ್ಕೆ ಬರಲೇ ಇಲ್ಲ. ಎರಡೂ ಬೀಗಗಳನ್ನು ಒಟ್ಟಿಗೆ ಸಾರುವ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಮಿಶ್ರ ಸೆಟ್ಟಿಂಗ್ ಹಳಬರಿಗಾಗಿಯೇ ಇದೆ. ಆದರೆ ಆ ಜೋಡಿ ಘೋಷಣೆಯನ್ನು ಓದುವಲ್ಲೇ ಎಡವುವ ಡ್ರೈವರುಗಳಿವೆ. ಮಿಶ್ರ ಸೆಟ್ಟಿಂಗ್ ಇದ್ದೂ ಹಳೆಯ ಲ್ಯಾಪ್‌ಟಾಪ್ ಸೇರದಿದ್ದರೆ ರೂಟರಿನಲ್ಲಿ ಬರೀ ಡಬ್ಲ್ಯುಪಿಎ2-ಎಇಎಸ್ ಆರಿಸಿ, ಪಿಎಂಎಫ್ ಅನ್ನು ‘ಕಡ್ಡಾಯ’ದಿಂದ ‘ಐಚ್ಛಿಕ’ಕ್ಕೆ ಇಳಿಸಿ ನೋಡಬೇಕು. ಉದ್ದವಾದ, ಊಹೆಗೆ ನಿಲುಕದ ಪಾಸ್‌ವರ್ಡ್ ಇದ್ದರೆ ಮನೆಯ ಮಟ್ಟಿಗೆ ಅದು ಈಗಲೂ ಗಟ್ಟಿ ಬೀಗವೇ.

ಬೀಗದ ತಪ್ಪೆಂದು ತೋರುವ, ಆದರೆ ಬೀಗಕ್ಕೆ ಸಂಬಂಧವೇ ಇಲ್ಲದ ತೊಡಕುಗಳೂ ಇವೆ. ಇವುಗಳ ಗುರುತೆಂದರೆ, ರೂಟರಿನ ಹೆಸರೇ ಪಟ್ಟಿಯಲ್ಲಿ ಕಾಣುವುದಿಲ್ಲ. ವೈ-ಫೈ 6 ರೂಟರುಗಳು ಬಂದಾಗ ಇಂಟೆಲ್‌ನ ಕೆಲವು ಹಿಂದಿನ ಕಾರ್ಡುಗಳಿಗೆ ಹೀಗೇ ಆಯಿತು. ಹೊಸ ಬಗೆಯ ಘೋಷಣೆ ಹಳೆಯ ಡ್ರೈವರಿಗೆ ಅರ್ಥವಾಗುತ್ತಿರಲಿಲ್ಲ, ಡ್ರೈವರ್ ಬದಲಿಸಿದ ಕೂಡಲೇ ಸರಿಹೋಗುತ್ತಿತ್ತು. ಕಾರ್ಡಿಗೆ 2.4 ಗಿಗಾಹರ್ಟ್ಸ್ ಮಾತ್ರ ತಿಳಿದಿದ್ದರೆ 5 ಗಿಗಾಹರ್ಟ್ಸ್‌ನ ಹೆಸರು ಕಾಣುವುದೇ ಇಲ್ಲ. ಇನ್ನೊಂದು, ಅಮೆರಿಕದಿಂದ ಮಗನೋ ಮಗಳೋ ತಂದುಕೊಟ್ಟ ಲ್ಯಾಪ್‌ಟಾಪಿಗೆ ಸಂಬಂಧಿಸಿದ್ದು. ಭಾರತದಲ್ಲಿ 2.4 ಗಿಗಾಹರ್ಟ್ಸ್‌ನ 13 ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಎಷ್ಟೋ ಕಾರ್ಡುಗಳು 11ಕ್ಕೇ ನಿಲ್ಲುತ್ತವೆ. ರೂಟರ್ ತಾನಾಗಿ 12ನ್ನೋ 13ನ್ನೋ ಆರಿಸಿಕೊಂಡ ದಿನ ಆ ಲ್ಯಾಪ್‌ಟಾಪಿಗೆ ಮನೆಯ ವೈ-ಫೈ ಮಾಯವಾಗುತ್ತದೆ. ಚಾನೆಲ್ಲನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕಿದರೆ ತೊಂದರೆ ಮುಗಿಯಿತು.

ಹೆಸರು ಕಾಣುತ್ತದೆ, ಆದರೆ ಸಂಪರ್ಕ ಸಿಗುತ್ತಿಲ್ಲ ಎಂದಾದರೆ ಲ್ಯಾಪ್‌ಟಾಪಿಗೆ ಯಾವ ಬೀಗಗಳು ಗೊತ್ತು ಎಂದು ಅದನ್ನೇ ಕೇಳಬಹುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್‌ಎಸ್‌ಎಚ್ ಡಬ್ಲ್ಯುಎಲ್‌ಎಎನ್ ಶೋ ಡ್ರೈವರ್ಸ್’ ಎಂಬ ಆದೇಶ ಕೊಟ್ಟರೆ ಡ್ರೈವರಿನ ದಿನಾಂಕ, ಅದಕ್ಕೆ ತಿಳಿದ ಬೀಗ ಮತ್ತು ಗೂಢಲಿಪಿಗಳ ಪಟ್ಟಿ, ಪಿಎಂಎಫ್ ಇದೆಯೇ ಇಲ್ಲವೇ ಎಂಬ ಸಾಲು ಎಲ್ಲವೂ ಕಾಣುತ್ತವೆ. ಪಟ್ಟಿಯಲ್ಲಿ ಎಇಎಸ್ (ಅಲ್ಲಿ ಅದು ‘ಸಿಸಿಎಂಪಿ’ ಎಂದು ಕಾಣುತ್ತದೆ) ಇದ್ದರೆ ಆಸೆ ಬಿಡಬೇಕಿಲ್ಲ. ಚಿಪ್ ತಯಾರಕರ ಕೊನೆಯ ಡ್ರೈವರ್ ಹಾಕಿ, ಉಳಿಸಿಟ್ಟ ಹಳೆಯ ಸಂಪರ್ಕವನ್ನು ಅಳಿಸಿ ಹೊಸದಾಗಿ ಸೇರಿಸಬೇಕು. ಲಿನಕ್ಸ್‌ನಲ್ಲಿ ಎಸ್‌ಎಇ ಲೆಕ್ಕವನ್ನು ಚಿಪ್ಪಿನ ಹೊರಗೆ, ತಂತ್ರಾಂಶದಲ್ಲಿ ಮಾಡಲು ಸಾಧ್ಯವಿರುವುದರಿಂದ ವಿಂಡೋಸ್ 7 ಕಾಲದ ಕೆಲವು ಕಾರ್ಡುಗಳು ಡಬ್ಲ್ಯುಪಿಎ3 ಜಾಲಕ್ಕೂ ಸೇರುತ್ತವೆ.

ಪಟ್ಟಿಯಲ್ಲಿ ವೆಪ್ ಮತ್ತು ಟಿಕೆಐಪಿ ಮಾತ್ರ ಉಳಿದಿದ್ದರೆ ಗೆರೆ ದಾಟಿದಂತೆಯೇ. ಆಗ ಇಡೀ ಮನೆಯ ಬೀಗವನ್ನು ಆ ಒಂದು ಯಂತ್ರಕ್ಕಾಗಿ ಇಳಿಸಬಾರದು. ಫೋನು, ಕ್ಯಾಮೆರಾ, ಬ್ಯಾಂಕ್ ವ್ಯವಹಾರ ಎಲ್ಲವೂ ಅದೇ ಗಾಳಿಯಲ್ಲಿ ಹರಿಯುತ್ತಿರುತ್ತವೆ. ಒಳಗಿನ ಕಾರ್ಡನ್ನು ಬದಲಿಸಬಹುದು, ಆದರೆ ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಬಯೋಸ್ ಮಟ್ಟದಲ್ಲೇ ತಿರಸ್ಕರಿಸುವ ಲ್ಯಾಪ್‌ಟಾಪ್‌ಗಳೂ ಇವೆ. ಯುಎಸ್‌ಬಿ ವೈ-ಫೈ ಡಾಂಗಲ್ ಸುಲಭ. ಕೊಳ್ಳುವ ಮೊದಲು ಅದರ ಡ್ರೈವರ್ ಆ ಹಳೆಯ ವಿಂಡೋಸ್‌ಗೆ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು. ಡಾಂಗಲ್ಲೂ ಒಗ್ಗದಷ್ಟು ಹಳೆಯ ಯಂತ್ರಗಳ ಬದಿಯಲ್ಲಿ ಸಾಮಾನ್ಯವಾಗಿ ಲ್ಯಾನ್ ಕೇಬಲ್ಲಿನ ಕಿಂಡಿ ಇರುತ್ತದೆ. ಮನೆಯ ಬಹುಪಾಲು ರೂಟರುಗಳ ಹಿಂದೆಯೂ ಅಂಥದ್ದೇ ಕಿಂಡಿಗಳಿವೆ, ಅವುಗಳ ನಡುವಿನ ತಂತಿಗೆ ಈ ನಾಲ್ಕು ಬೀಗಗಳಲ್ಲಿ ಯಾವುದೂ ಬೇಕಾಗುವುದಿಲ್ಲ.